ಕಡಲೆ ಹುಳಿ ಮತ್ತು ಮುಂದಿನ ಹಲ್ಲುಗಳು

ತಂಪು ನೀರಿಗೆ ಮುಂದಿನ ಹಲ್ಲುಗಳು ಜುಮ್ಮೆನ್ನತೊಡಗಿದಾಗ ನವನಗರದ ದಂತವೈದ್ಯೆಯ ಬಳಿ ಹೋದೆ. ಪೆನ್ನಿನಂಥ ಕ್ಯಾಮೆರಾವನ್ನು ಬಾಯಲ್ಲಿ ಆಡಿಸಿ ಹಲ್ಲುಗಳ ಚಿತ್ರ ತೆಗೆದರು. ಕೆಲವು ತಿಂಗಳ ನಂತರ ಮತ್ತೆ ತೆಗೆದು, ಹಳೆಯದರ ಮೇಲೆ ಹೊಸದನ್ನು ಕೂಡಿಸಿದರು. ಸವೆದ ಜಾಗವೆಲ್ಲ ಪರದೆಯ ಮೇಲೆ ಕೆಂಪಾಯಿತು.

“ಹುಳಿ ಏನರೆ ತಿಂತೀರೇನ್ರಿ ಅಜ್ಜಾರ? ನಿಂಬಿಹಣ್ಣು, ಸೋಡಾ?”

“ಏನೂ ಇಲ್ರಿ. ಊಟ, ಚಹಾ ಎಲ್ಲಾ ಹೊತ್ತಿಗೆ ಸರಿಯಾಗಿ.”

“ಮತ್ತ ಹೆಂಗ ಸವೀತಾವ? ಹೋದ ಪದರ ತಿರುಗಿ ಬೆಳಿಯೂದಿಲ್ರಿ. ಹಿಂಗಾದ್ರ ನರ ಬಯಲಾಗ್ತಾವ.”

ಎದ್ದಾಗಿನಿಂದ ಮಲಗುವವರೆಗಿನ ದಿನವನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ತಪ್ಪು ಸಿಗಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವಂತಾಯಿತು.

“ಸಿಟ್ಟಿಲೆ ಹಲ್ಲು ಕಡದು ಕಡದು ಸವದಿರಬೇಕು,” ಎಂದಳು ಹೆಂಡತಿ.

ಚಳಿಗಾಲದಲ್ಲಿ ಅವಳ ತಮ್ಮ ತನ್ನೂರು ಮುಗದದಿಂದ ಎಂದಿನಂತೆ ಕಡಲೆ ಹುಳಿಯ ಬಾಟಲಿ ತಂದ. ನಸುಕಿನಲ್ಲಿ ಕಡಲೆ ಬೆಳೆಯ ಮೇಲೆ ಬಟ್ಟೆ ಎಳೆದು, ಎಲೆಗಳ ಹುಳಿ ಇಬ್ಬನಿಯನ್ನು ಹಿಂಡಿ ತೆಗೆದದ್ದು. ನನ್ನ ಹೊಟ್ಟೆಯುಬ್ಬರಕ್ಕೆ ಒಗ್ಗಿದ ಔಷಧ ಅದೊಂದೇ. ಮಲಗುವ ಮುಂಚೆ ಒಂದು ಚಮಚ. ನಾಲಿಗೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ನುಂಗುವುದು ತಂದೆಯವರ ಕಾಲದ ಪದ್ಧತಿ. ಅದು ಗೋಡೆಯ ಔಷಧದ ಗೂಡಿನಲ್ಲಿರುತ್ತದೆ, ಅಡುಗೆಮನೆಯಲ್ಲಲ್ಲ.

“ಎರಡ ಧೋತರ ಹಾಳಾದುವು ನೋಡ್ರಿ ಭಾವಾರ,” ಎಂದು ನಕ್ಕ. “ಈ ಹುಳಿ ಹತ್ತಿದ ಅರಿವಿ ಹಿಡದ್ರ ಸಾಕು, ಪಿಸದ ಬರ್ತೈತಿ.”

ನನಗೆ ನಗು ಬರಲಿಲ್ಲ. ಮರುದಿನವೇ ಬಾಟಲಿಯನ್ನು ವೈದ್ಯೆಯ ಮುಂದಿಟ್ಟೆ. ಅವರು ಹುಳಿ ಅಳೆಯುವ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿದರು. ಅದೂ ಕೆಂಪಾಯಿತು.

“ತೊಗೊಂಡ ಮ್ಯಾಲೆ ಬಾಯಿ ಮುಕ್ಕಳಸ್ತೀರೋ ಇಲ್ಲೋ?”

“ಇಲ್ರಿ. ಔಷಧ ತೊಳದು ಹೋಗಬಾರದಂತ.”

ಅಂದೇ ಹುಳಿ ಬಿಟ್ಟೆ. ವಾರದೊಳಗೆ ಹೊಟ್ಟೆ ಹಿಡಿಯತೊಡಗಿತು. ಗುಳಿಗೆಗಳು ನನಗೆ ಹಿಂದೆಯೂ ಒಗ್ಗಿರಲಿಲ್ಲ, ಈಗಲೂ ಒಗ್ಗಲಿಲ್ಲ. ಅನ್ನ ಅರ್ಧಕ್ಕೆ ನಿಂತಿತು.

“ಹಲ್ಲು ಉಳಿಸಿ ಏನ್ ಮಾಡವ್ರು? ಉಣ್ಣಾಕಂತೂ ಆಗವಲ್ದು,” ಎಂದಳು ಹೆಂಡತಿ.

ಮುಂದಿನ ಅಳತೆಯಲ್ಲಿ ಹೊಸ ಕೆಂಪು ಇರಲಿಲ್ಲ. ವೈದ್ಯೆಗೆ ಸಮಾಧಾನವಾಯಿತು. ನಾನು ಹೊಟ್ಟೆ ಹಿಡಿದುಕೊಂಡು ಕೇಳಿದೆ: “ಹುಳೀನ ಬಾಳ ನೀರಾಗ ಕಲಸಿ, ಸ್ಟ್ರಾದಿಂದ ಕುಡದ್ರ ಹೆಂಗ್ರಿ?”

ಅವರು ಪರದೆಯ ಮೇಲಿನ ಹಲ್ಲುಗಳನ್ನು ಹಿಗ್ಗಿಸಿ ನೋಡಿದರು. “ಖಾತ್ರಿ ಹೇಳಾಕ ಬರೂದಿಲ್ರಿ. ಬೇಕಾದ್ರ ಕುಡದ ನೋಡ್ರಿ, ಆಮ್ಯಾಲೆ ಅಳತಿ ಮಾಡೂಣು.”

ಸ್ಟ್ರಾ ತಂದಿಟ್ಟಿದ್ದೇನೆ. ಇನ್ನೂ ಕುಡಿದಿಲ್ಲ. ಅಳತೆಗೆ ತಿಳಿಯುವುದು ಹಲ್ಲು ಇನ್ನಷ್ಟು ಸವೆದ ಮೇಲಷ್ಟೇ.