ಬಂದರಿನಲ್ಲಿ ಇಪ್ಪತ್ತು ನಿಮಿಷ

ಅದಿತಿ, ನಿಹಾಲ್,

ಇವತ್ತು ಬೆಳಿಗ್ಗೆ ನಾನು ಎರಡು ಸಲ ಸೀನಿದ್ದೇ ತಡ, ಅದಿತಿ ಓಡಿಹೋಗಿ ಜ್ವರ ನೋಡುವ ಆ ಪಿಸ್ತೂಲಿನಂಥ ಯಂತ್ರ ತಂದು ನನ್ನ ಹಣೆಗೆ ಹಿಡಿದಳು. ಅದು ಪೀಂ ಎಂದಿತು. "ಯು ಆರ್ ಗ್ರ್ಯಾಂಡ್, ಅಜ್ಜಿ" ಎಂದು ಹೇಳಿ, ಅಂದರೆ ಇಲ್ಲಿಯವರ ಮಾತಿನಲ್ಲಿ ನನಗೇನೂ ಆಗಿಲ್ಲ ಎಂದು, ಟೀವಿ ನೋಡಲು ಹೋದಳು. ಬೇಳೆ ತೊಳೆಯುತ್ತಿದ್ದ ನಾನು ಮಾತ್ರ ಹಾಗೇ ನಿಂತುಬಿಟ್ಟೆ. ಆ ಸದ್ದು ಕೇಳಿದರೆ ನನಗೆ ಇಂದಿಗೂ ಡಬ್ಲಿನ್ ಬಂದರಿನ ಗಾಳಿ ಮುಖಕ್ಕೆ ಬಡಿದಂತಾಗುತ್ತದೆ.

ಅದು ಕೊರೊನಾ ಕಾಲ. ನಾನೂ ನಿಮ್ಮ ತಾತನೂ ಡಬ್ಲಿನ್ನಿನ ಈ ಬ್ಲಾಂಚರ್ಡ್ಸ್‌ಟೌನ್‌ನಲ್ಲೇ, ಹಿರಿಮಗಳು ಲತಾಳ ಮನೆಯಲ್ಲಿದ್ದೆವು. ಅದಿತಿ, ನಿನ್ನ ಅಮ್ಮ ಆಗ ಕೊರೊನಾ ವಾರ್ಡಿನಲ್ಲಿ ನರ್ಸ್. ಕಿರಿಮಗಳು ಸುಮಾ ಸಮುದ್ರದ ಆಚೆ, ವೇಲ್ಸಿನ ಲಾಂಡಿಡ್ನೋ ಎಂಬ ಕಡಲೂರಿನಲ್ಲಿ ತುಂಬು ಗರ್ಭಿಣಿ. ನಿಹಾಲ್, ಹೊಟ್ಟೆಯಲ್ಲಿದ್ದವನು ನೀನೇ. ಬಾಣಂತನಕ್ಕೆ ತಾಯಿ ಹೋಗದಿದ್ದರೆ ಹೇಗೆ? ಸೂಟ್‌ಕೇಸಿನ ತುಂಬ ಅಂಟಿನುಂಡೆ, ಹರಳೆಣ್ಣೆ, ಸೀಗೆಪುಡಿ, ಹಳೆಯ ನೂಲಿನ ಸೀರೆಗಳನ್ನು ಹರಿದು ಮಾಡಿದ ಬಟ್ಟೆಗಳು. ಲತಾ ನಮ್ಮನ್ನು ಬಂದರಿಗೆ ಬಿಟ್ಟು ಡ್ಯೂಟಿಗೆ ಹೋದಳು.

ತಾತನದು ಹಿಟ್ಟಿನ ಗಿರಣಿಯಲ್ಲಿ ಕಳೆದ ಬದುಕು. ಆ ಕೆಮ್ಮು ಮದುವೆಯ ದಿನದಿಂದ ನನಗೆ ಗೊತ್ತು. ಕತ್ತಲಲ್ಲಿ ಕೇಳಿದರೂ ಇವರದೇ ಎಂದು ಹೇಳಬಲ್ಲೆ. ಆದರೆ ಆಗ ಕೆಮ್ಮಿದವರನ್ನು ಜನ ಕಳ್ಳರನ್ನು ನೋಡಿದಂತೆ ನೋಡುತ್ತಿದ್ದರು. ಎದೆಗೆ ಥಂಡಿ ಹತ್ತಬಾರದೆಂದು ನಾನು ಎರಡು ಸ್ವೆಟರ್ ಹಾಕಿಸಿ, ನಾನೇ ಹೆಣೆದ ಮಂಕಿ ಟೋಪಿಯನ್ನು ಹುಬ್ಬಿನವರೆಗೆ ಎಳೆದು, ಫ್ಲಾಸ್ಕಿನ ಮೆಣಸಿನ ಕಷಾಯವನ್ನೆಲ್ಲ ಕುಡಿಸಿದ್ದೆ. ನನ್ನ ಜಾಣತನ ಯಾವಾಗಲೂ ಹೀಗೆ, ಒಂದು ಹಿಡಿ ಹೆಚ್ಚೇ.

ಹಡಗಿಗೆ ಹೋಗುವ ಸಾಲಿನ ತುದಿಯಲ್ಲಿ ಜ್ವರ ನೋಡಲು ನಿಂತಿದ್ದ ಹುಡುಗಿ ತಾತನ ಟೋಪಿ ಮೇಲೆತ್ತಿಸಿ ಯಂತ್ರ ಹಿಡಿದಳು. ಪೀಂ. ಮುಖಗವಸಿನ ಮೇಲಿನ ಕಣ್ಣುಗಳು ಚಿಕ್ಕವಾದವು. "ಥರ್ಟಿ ಎಯ್ಟ್" ಎಂದಳು.

"ಬರೀ ಮೂವತ್ತೆಂಟಂತೆ ಕಣೇ, ಏನಿಲ್ಲ" ಎಂದು ತಾತ ಖುಷಿಯಿಂದ ಹೆಜ್ಜೆ ಮುಂದಿಟ್ಟರು. ನಮ್ಮೂರ ಡಾಕ್ಟರು ನೂರು, ನೂರೆರಡು ಎಂದರೆ ಮಾತ್ರ ನಮಗೆ ಜ್ವರ; ಇಲ್ಲಿಯ ಲೆಕ್ಕದಲ್ಲಿ ಮೂವತ್ತೆಂಟೇ ಜ್ವರವೆಂದು ತಾತನಿಗೆ ಹೊಳೆಯಲಿಲ್ಲ. ಹುಡುಗಿ ಕೈ ಅಡ್ಡ ಹಿಡಿದಳು. ಟೋಪಿ, ಸ್ವೆಟರ್ ತೆಗೆದು ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂತಿರಿ, ಮತ್ತೆ ನೋಡುತ್ತೇನೆ ಎಂದು ಕೈಸನ್ನೆಯಲ್ಲೇ ತಿಳಿಸಿದಳು. ನಾನು ಅವರ ಟೋಪಿ, ಸ್ವೆಟರ್ ಬಿಚ್ಚಿಸಿ ಬೆಂಚಿನ ಮೇಲೆ ಕೂರಿಸಿದೆ.

"ಟೋಪಿ ಕಾವು ಕಣೇ ಇದು, ಜ್ವರ ಅಲ್ಲ" ಎಂದರು ತಾತ.

"ಅಲ್ಲ ಅಂತ ಹೇಗ್ರೀ ಹೇಳ್ತೀರಾ? ಲತಾಗೆ ಫೋನ್ ಮಾಡೋಣ."

"ಮಾಡಿದ್ರೆ ಮುಗೀತು. ವಾಪಸ್ ಕರ್ಕೊಂಡು ಹೋಗಿ ರೂಮಲ್ಲಿ ಕೂಡಿ ಹಾಕ್ತಾಳೆ. ಸುಮಾಗೆ ಯಾರು ದಿಕ್ಕು?"

ನಾನು ಅವರ ಕುತ್ತಿಗೆ ಮುಟ್ಟಿ ನೋಡಿದೆ. ಸುಡುತ್ತಿತ್ತು. ನನ್ನ ಕೈಯೇ ಚಳಿಗೆ ಮರಗಟ್ಟಿದ್ದರಿಂದ ಏನು ಮುಟ್ಟಿದರೂ ಸುಡುತ್ತಿತ್ತು. ಹೋಗಲೇಬೇಕೆಂದು ಎಷ್ಟು ಆಸೆಯಿತ್ತೋ, ಈ ಬಿಸಿಯನ್ನು ಮಗಳ ಮನೆಯೊಳಗೆ ಹೊತ್ತೊಯ್ದರೆ ಎಂಬ ಹೆದರಿಕೆಯೂ ಅಷ್ಟೇ ಇತ್ತು. ತಾತನಿಗೆ ಕೆಮ್ಮು ಬಂದಾಗಲೆಲ್ಲ ನಾನು ಸೂಟ್‌ಕೇಸಿನ ಜಿಪ್ಪನ್ನು ಜೋರಾಗಿ ಎಳೆದು ಸದ್ದು ಮಾಡುತ್ತಿದ್ದೆ. ಅದನ್ನು ನೆನೆದರೆ ಈಗ ನಗು, ನಾಚಿಕೆ ಎರಡೂ.

ಎರಡನೇ ಸಲ ಪೀಂ ಎಂದಾಗ ಹುಡುಗಿಯ ಕಣ್ಣುಗಳು ನಕ್ಕವು. ಯಂತ್ರ ನಮ್ಮನ್ನು ಬಿಟ್ಟಿತು. ನನ್ನ ಮನಸ್ಸು ಬಿಡಲಿಲ್ಲ.

ಹಡಗಿನಲ್ಲಿ ಕಿಟಕಿಯ ಪಕ್ಕ ಕೂತು, "ಹತ್ತು ದಿನ ನಾವು ಸುಮಾ ಮನೆಯೊಳಕ್ಕೆ ಹೋಗೋದು ಬೇಡ" ಎಂದೆ.

"ಬಾಣಂತನಕ್ಕೆ ಬಂದೋಳು ಬೀದೀಲಿ ನಿಂತ್ಕೋತೀಯೇನೇ?"

"ನಿಂತ್ಕೋತೀನಿ."

ಅವರ ಮಾತು ಮೀರಿ ನಾನು ಹಠ ಹಿಡಿದದ್ದು ಅದೇ ಮೊದಲು. ತಾತ ಇಳಿಯುವವರೆಗೂ ಸಮುದ್ರ ನೋಡುತ್ತಾ ಕೂತರು.

ಸುಮಾಳ ಪಕ್ಕದ ಮನೆಯವರ ಅಂಗಳದಲ್ಲಿ ಒಂದು ಖಾಲಿ ಕ್ಯಾರವಾನ್, ಚಕ್ರದ ಮೇಲಿನ ಪುಟ್ಟ ಮನೆ, ಇತ್ತು. ಅಳಿಯ ಮಾತಾಡಿ ಅದನ್ನು ನಮಗೆ ಉಳಿಯಲು ಕೊಡಿಸಿದರು. ಸುಮಾ ಕಿಟಕಿಯ ಗಾಜಿನ ಆಚೆ ನಿಂತು ಕೇಳಿದಳು: "ಅಮ್ಮ, ಇಷ್ಟು ದೂರ ಬಂದು ನನ್ನನ್ನ ಮುಟ್ಟೋಕೆ ಭಯಾನಾ ನಿನಗೆ? ನಾನು ಚೆಕಪ್ಪಿಗೆ ಆಸ್ಪತ್ರೆಗೆ ಹೋಗ್ಬರ್ತೀನಿ, ನನ್ನಿಂದ ಕೊರೊನಾ ಅಂಟುತ್ತೆ ಅಂತಾನಾ?" ಬಂದರಿನ ಸಂಗತಿ ಹೇಳಿದರೆ ದಿನ ತುಂಬಿದವಳು ಹೆದರುತ್ತಾಳೆಂದು ಸುಮ್ಮನಿದ್ದೆ. ಆರನೆಯ ದಿನ ನೀನು ಹುಟ್ಟಿದೆ, ನಿಹಾಲ್. ನಿನ್ನನ್ನು ಮನೆಗೆ ತಂದಾಗ ಗಾಜಿನ ಹೊರಗಿನಿಂದ ನೋಡಿದೆ. ಮೊದಲ ಎಣ್ಣೆಸ್ನಾನವನ್ನು ನಿಮ್ಮಪ್ಪ ಫೋನಿನಲ್ಲಿ ನನ್ನನ್ನು ಕೇಳಿ ಕೇಳಿ ಮಾಡಿಸಿದರು. ತಾತನಿಗೆ ಜ್ವರ ಬರಲೇ ಇಲ್ಲ. ಹತ್ತು ದಿನದ ಮೇಲೆ ನಾನು ಒಳಗೆ ಬಂದಾಗ ಸುಮಾ ಎಲ್ಲಕ್ಕೂ ತಲೆಯಾಡಿಸಿದಳು, ಮುಖ ಕೊಟ್ಟು ಮಾತಾಡಲಿಲ್ಲ. ಈಗಲೂ ಯಾರಾದರೂ ಬಾಣಂತನದ ಮಾತೆತ್ತಿದರೆ "ನಮ್ಮಮ್ಮ ಬಂದಿದ್ರು, ಹೊರಗಿದ್ರು" ಎಂದು ನಗುತ್ತಾಳೆ. ಆ ನಗು ನನಗೆ ಚುಚ್ಚುತ್ತದೆ.

ತಾತ ಹೋಗಿ ಎರಡು ವರ್ಷವಾಯಿತು. ಆ ಇಪ್ಪತ್ತು ನಿಮಿಷ ಈಗ ನನಗೊಬ್ಬಳಿಗೇ ಗೊತ್ತು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬೇಳೆ ಒಲೆಯ ಮೇಲಿಟ್ಟು ಬರೆಯಲು ಕೂತೆ. ನಾನು ಸತ್ತ ಮೇಲೆ ಸುಮಾಗೆ ಕೊಡಿ ಎಂದು ಬರೆಯಬೇಕೆಂದಿದ್ದೆ. ಬೇಡ. ಶನಿವಾರ ಸುಮಾ ನಿಹಾಲನನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾಳೆ. ನಾನೇ ಅವಳ ಕೈಗೆ ಕೊಡುತ್ತೇನೆ. ಅವಳು ಓದುವಷ್ಟು ಹೊತ್ತು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುತ್ತೇನೆ. ಆಮೇಲೆ ಈ ಹಾಳೆಗಳು ನಿಮ್ಮಿಬ್ಬರವು. ನಿಮಗೆ ಇನ್ನೂ ಕನ್ನಡ ಓದಲು ಬರುವುದಿಲ್ಲ, ಪರವಾಗಿಲ್ಲ. ಬರುವವರೆಗೆ ಹರಿಯದಂತೆ ಇಟ್ಟುಕೊಳ್ಳಿ, ಮಕ್ಕಳೇ.