ಗುದ್ದಿನವರ ಕಾಕಾನ ಕೈ

ಕಾಕಾನ ಬಲಗೈ ಕಿರುಬೆರಳು ಎಂದೂ ನೆಟ್ಟಗಾಗುತ್ತಿರಲಿಲ್ಲ. ಹೋರಿಯ ಹಗ್ಗ ಸುತ್ತಿ ಮುರಿದದ್ದು. ಉಳಿದ ಬೆರಳು ಬಿಚ್ಚಿದರೂ ಅದೊಂದು ಅಂಗೈ ಕಡೆಗೆ ಮಡಚಿಕೊಂಡೇ ಇರುತ್ತಿತ್ತು.

ರೋಣದ ದನದ ಸಂತೆಯಲ್ಲಿ ಅವರು ಎತ್ತಿನ ದಲಾಲರು. ನಮ್ಮ ದಂಧೆಯಲ್ಲಿ ರೇಟನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಹೇಳುತ್ತೇವೆ. ಮುಷ್ಟಿ ಕಟ್ಟಿದರೆ ‘ಸಾಕು, ನಿಲ್ಲಿಸು’ ಎಂದರ್ಥ. ಅಂಗೈ ಬಿಚ್ಚಿದರೆ ‘ಒಪ್ಪಿದೆ, ಮಾತು ಮುಗಿಯಿತು.’ ಹೊಸ ಗಿರಾಕಿಗಳು ಕಾಕಾನ ಮಡಚಿದ ಬೆರಳು ತಾಗಿದೊಡನೆ, ಇವರು ಇನ್ನೂ ಒಪ್ಪಿಲ್ಲವೆಂದು ತಿಳಿದು ತಾವಾಗಿಯೇ ರೇಟು ಏರಿಸುತ್ತಿದ್ದರು. ಕಾಕಾ ಟವೆಲ್ ಸರಿಸಿ ಕೈ ತೋರಿಸುತ್ತಿದ್ದರು: “ಇದು ಬೆರಳಿನ ಐಬ್ರಿ, ನನ್ನ ಮಾತಲ್ಲ.” ನಾನಾಗಿದ್ದರೆ ತೋರಿಸುತ್ತಿರಲಿಲ್ಲ.

ಅಬ್ಬಿಗೇರಿಯಿಂದ ಬರಿಗೈಯಲ್ಲಿ ಬಂದ ನನಗೆ ದಂಧೆ ಕಲಿಸಿದವರು ಅವರು. ಎತ್ತಿನ ಹಲ್ಲು ನೋಡುವುದನ್ನೂ ಕೊಳ್ಳುವವನ ಮುಖ ನೋಡುವುದನ್ನೂ ಕಲಿತದ್ದು ಅವರ ಬೆನ್ನ ಹಿಂದೆ ನಿಂತು.

ಅವರ ಅಡ್ಡಹೆಸರು ಗುದ್ದಿನವರ. ನಮ್ಮ ಕಡೆ ಊರು, ಕಸುಬು, ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲವೂ ಅಡ್ಡಹೆಸರಾಗಿವೆ, ಯಾರೂ ನಗುವುದಿಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡ ಸುತ್ತಿದರೂ ಗುದ್ದಿನವರೆಂಬ ಇನ್ನೊಂದು ಮನೆ ನನಗೆ ಸಿಗಲಿಲ್ಲ. ಟಿವಿಯಲ್ಲಿ ಬಾಕ್ಸಿಂಗ್ ನೋಡಿದ ಸಂತೆಯ ಪಡ್ಡೆಗಳು, “ಬಾಕ್ಸರ್ ಕಾಕಾ, ಇವತ್ತ ಯಾರನ್ನ ಕೆಡವಿದ್ರಿ?” ಎಂದು ಕೆಣಕುತ್ತಿದ್ದರು.

“ನಿಮ್ಮವ್ವನ ಲಟ್ಟಣಿಗಿ ಮುಂದ ನಂದೇನ್ ನಡೀತೈತೋ ತಮ್ಮಾ,” ಎಂದು ಕಾಕಾ ನಗುತ್ತಿದ್ದರು.

ಅವರ ಮಗಳಿಗೆ ಗಜೇಂದ್ರಗಡದ ಸೀರೆ ವ್ಯಾಪಾರಿಯ ಮನೆಯಿಂದ ಸಂಬಂಧ ಬಂದಾಗ ಆ ನಗು ಉಳಿಯಲಿಲ್ಲ. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಿತ್ತು. ಹುಡುಗನ ತಾಯಿ ಮಾತ್ರ ಅಡ್ಡಹೆಸರು ಕೇಳಿಯೇ ಹೆದರಿದ್ದಳಂತೆ.

“ಕಾಕಾ, ಊರಿನ ಹೆಸರ ಹಾಕ್ಕೋರಿ. ನಿಮ್ಮ ಗಂಟೇನ್ ಹೋಗತೈತಿ?” ಎಂದೆ.

“ಕೆಟ್ಟ ಸುಳಿ ಮುಚ್ಚಿ ಎತ್ತ ಮಾರಬ್ಯಾಡ ಅಂತ ನಿನಗ ಹೇಳಿದವ ಯಾರೋ?”

ಹುಡುಗನ ದೊಡ್ಡಪ್ಪ ಮನೆಗೆ ಬಂದರು. ಚಹಾ ಬರುವ ಮೊದಲೇ ಕೇಳಿಬಿಟ್ಟರು: “ತಪ್ಪ ತಿಳ್ಕೋಬ್ಯಾಡ್ರಿ. ಗುದ್ದಿನವರ ಅಂದ್ರೇನ್ರಿ? ಮನ್ಯಾಗ ಹೊಡಿಬಡಿ ಐತೇನು?”

“ಇವರ ಮುತ್ಯಾ ದೊಡ್ಡ ಪೈಲ್ವಾನ್ರು...” ಎಂದು ನಾನು ಶುರು ಮಾಡಿದೆ.

“ಪೈಲ್ವಾನಲ್ರಿ,” ಎಂದರು ಕಾಕಾ. “ಆಗ ಹೊಳಿದಂಡಿ ಊರಾಗ ಇದ್ವಿ. ಹೋಳಿ ಹುಣ್ಣಿಮಿಗೆ ಎರಡ ಓಣಿ ನಡು ಗುದ್ದಾಟ ಕಟ್ಟತಿದ್ರು.”

ಪಕ್ಕದಲ್ಲಿದ್ದ ಕಾಕಾನ ತೊಡೆಯ ಮೇಲೆ ಟವೆಲ್ ಇತ್ತು. ಅದರ ಕೆಳಗೆ ಕೈ ತೂರಿಸಿ, ಅವರ ಅಂಗೈಯಲ್ಲಿ ನನ್ನ ಮುಷ್ಟಿ ಒತ್ತಿದೆ. ಸಾಕು, ನಿಲ್ಲಿಸ್ರಿ. ಕಾಕಾ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಾತು ಮುಂದುವರಿಸಿದರು.

“ಮುತ್ಯಾನ ಒಂದ ಗುದ್ದಿಗೆ ಜೀವದ ಗೆಳ್ಯಾನ ಕಣ್ಣ ಹೋತ್ರಿ. ಮಂದಿ ಗುದ್ದಿನಾವ ಅಂತ ಕರದ್ರು. ಮಕ್ಕಳನ್ನ ಸಾಲಿಗೆ ಹಚ್ಚುವಾಗ ಮುತ್ಯಾ ತಾನ ಅದನ್ನ ಬರಿಸಿದ. ಹೆಸರ ಕರದಾಗೊಮ್ಮೆ ನೆಪ್ಪಾಗಲಿ, ಈ ಮನ್ಯಾಗ ಇನ್ನ ಯಾರೂ ಕೈ ಎತ್ತಬಾರದು ಅಂತ. ಇಲ್ಲೀತನಕ ಎತ್ತಿಲ್ರಿ. ಎತ್ತಿನ ಮ್ಯಾಲೂ ಬಾರಕೋಲ ಎತ್ತಿಲ್ಲ.”

ದೊಡ್ಡಪ್ಪ ಚಹಾ ಕುಡಿದರು. “ಹೇಳಿ ಕಳಸ್ತೀವ್ರಿ,” ಎಂದು ಎದ್ದರು. ಹೇಳಿ ಕಳಿಸಲಿಲ್ಲ.

ವಾರ ಬಿಟ್ಟು ಹೋಗಿ ನಾನು ಕಾಕಾನ ಮೇಲೆ ರೇಗಿದೆ: “ಕೈಗೆ ಬಂದ ಸಂಬಂಧ ಕೆಡಿಸಿದ್ರಲ್ರಿ!”

ಉತ್ತರ ಕೊಟ್ಟವಳು ಮಗಳು. ಕಣ್ಣು ಕೆಂಪಾಗಿತ್ತು. “ಈಗ ಮುಚ್ಚಿಟ್ಟು, ನಾಳೆ ಯಾರರ ಬಂದು ಹೇಳಿದ್ರ, ಆ ಮನ್ಯಾಗ ನಾ ಹ್ಯಾಂಗ ಮಾರಿ ಎತ್ತಿ ಅಡ್ಡಾಡ್ಲಿ ಅಣ್ಣಾ? ಅಪ್ಪ ಮಾಡಿದ್ದು ಚಲೋ ಆತು.” ಕಾಕಾ ಮಾತ್ರ ಗೋಡೆಗೆ ಒರಗಿ ಬೆರಳು ನೀವಿಕೊಳ್ಳುತ್ತಿದ್ದರು.

ಅವಳು ಮುಂದೆ ಓದಿ ನರಗುಂದದಲ್ಲಿ ಶಿಕ್ಷಕಿಯಾದಳು, ಅಲ್ಲಿಯೇ ಮದುವೆಯಾಯಿತು. ಆ ಮನೆಯವರು ಹೆಸರಿನ ಅರ್ಥ ಕೇಳಲೇ ಇಲ್ಲ. ಕಾಕಾ ತಾವಾಗಿ ಕೂರಿಸಿಕೊಂಡು ಹೇಳಿದರು.

ಈಗ ಟ್ರ್ಯಾಕ್ಟರುಗಳು ಬಂದು ಸಂತೆ ಸೊರಗಿದೆ. ಟವೆಲ್ಲಿನ ಕೆಳಗೆ ಕೈ ಕೊಡುವವರು ಕಡಿಮೆ. ನಾನೂ ಸಾಕಷ್ಟು ಮಾರಿದೆ, ಕೊಂಡೆ, ಮಂದಿಗೆ ಬುದ್ಧಿ ಹೇಳಿದೆ. ಇವತ್ತಿಗೂ ಯಾರಾದರೂ ಕೇಳಿದರೆ, ಹೆಸರು ಅಡ್ಡ ಬಂದರೆ ಬದಲಿಸಿಕೊಳ್ಳಿರಿ ಅಂತಲೇ ಹೇಳುತ್ತೇನೆ. ವ್ಯವಹಾರಕ್ಕೆ ಅದೇ ಸರಿ. ಹೇಳಿ ಮುಗಿಸುವಷ್ಟರಲ್ಲಿ ಯಾಕೋ ದಣಿವಾಗುತ್ತದೆ.

ಹೋದ ವರ್ಷ ಕಾಕಾ ದವಾಖಾನೆ ಸೇರಿದರು. ನಾನು ಹೋದಾಗ ಬಾಗಿಲಲ್ಲಿ ಕಾಂಪೌಂಡರ್ ಚೀಟಿ ಓದಿ, “ಗುದ್ದಿನವರ ಯಾರ್ರಿ? ಗುದ್ದಬ್ಯಾಡ್ರಿ ಮತ್ತ!” ಎಂದು ನಕ್ಕ.

“ನಾವ್ರಿ,” ಎಂದಳು ಮಗಳು. ಮದುವೆಯಾದರೂ ಅವಳು ಆ ಹೆಸರು ಬಿಟ್ಟಿರಲಿಲ್ಲ.

ಕಾಕಾನ ಮಾತು ನಿಂತಿತ್ತು. ಅದು ಅವರ ಕೊನೆಯ ಸಂಜೆಯೆಂದು ನಮಗಿನ್ನೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಚಾದರದ ಕೆಳಗೆ ಕೈ ತೂರಿಸಿ ಅವರ ಕೈ ಹಿಡಿದೆ. “ಕಾಕಾ, ಗಜೇಂದ್ರಗಡದ ಆ ಸಂಬಂಧದ್ದು ಮನಸಿನ್ಯಾಗ ಏನರ ಉಳದೈತೇನ್ರಿ?”

ಅಂಗೈ ನಿಧಾನವಾಗಿ ಬಿಚ್ಚಿಕೊಂಡಿತು. ಕಿರುಬೆರಳು ಮಡಚಿಯೇ ಇತ್ತು. ಅದು ಬೆರಳಿನ ಐಬು, ಅವರ ಮಾತಲ್ಲ.