ಹೆದರಿದವರ ಲೆಕ್ಕ

ಬಿಳಿ ಧೋತರದ ಮೇಲೆ ಒಂದು ಹಿಡಿ ಸಾಸಿವೆ ಚೆಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಚಾದರ ಮುಚ್ಚಿದಾಗ, ಕಾಕಾರ ಬೆವೆತ ಅಂಗೈಗೆ ಒಂದಷ್ಟು ಕಾಳು ಅಂಟಿಯೇ ಇರುತ್ತಿದ್ದವು.

"ಎಷ್ಟಿದ್ವು? ಲಗೂ ಹೇಳ್ರಿ!"

ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ನಮ್ಮ ಮೇಲಿನ ಮನೆಯವರು ಅವರು. ಧಾರವಾಡದ ಕಡೆಯಿಂದ ಬಂದ ಗಣಿತದ ಮಾಸ್ತರು. ಕಾಲೇಜು ಕಲಿಯುತ್ತಿದ್ದ ನಾವು ಹುಡುಗರು ಒಂದು ಅಂದಾಜು ಹೇಳುತ್ತಿದ್ದೆವು. ಅವರು ಅಷ್ಟನ್ನೇ ಮತ್ತೆ ಚೆಲ್ಲುವಾಗ ಅವರ ಹೆಂಡತಿ ಕಾಕು ನಮ್ಮ ಬೆನ್ನ ಹಿಂದೆ ತಾಟು ಧಡಾರನೆ ಬಡಿಯುತ್ತಿದ್ದರು. ಬೆಚ್ಚಿದ ನಾವು ದುಪ್ಪಟ್ಟು ಹೇಳುತ್ತಿದ್ದೆವು.

"ಒಗ್ಗರಣಿಗೆ ಒಂದೀಟು ಉಳಸ್ರಿ," ಎಂದು ಕಾಕು ರೇಗುತ್ತಿದ್ದರು.

ಆಟವಲ್ಲ ಅದು. ಹಳೆಯ ಕಾಲದ ಉಲ್ಕಾಮಳೆಗಳು ಅತಿ ಜೋರಾದ ಗಳಿಗೆಯಲ್ಲಿ ಎಷ್ಟು ಸುರಿದಿರಬಹುದು ಎಂದು ಕಾಕಾ ಲೆಕ್ಕ ಹಾಕುತ್ತಿದ್ದರು. ಉಳಿದಿರುವುದು ಕಂಡು ನಡುಗಿದವರ ಮಾತು ಮಾತ್ರ: ಆಕಾಶವೇ ಹರಿದುಬಿತ್ತು, ಬೆಂಕಿ ಮಳೆ ಸುರಿಯಿತು. ಅದರಲ್ಲಿ ಹೆದರಿಕೆಯ ಪಾಲೆಷ್ಟು? ಅದನ್ನು ಕಳೆಯಲೆಂದೇ ಈ ಸಾಸಿವೆ.

"ಅವರು ಸುಳ್ಳು ಹೇಳಿಲ್ಲೋ ತಮ್ಮಾ. ನೋಡಿದ್ದಕ್ಕ ಹೆದರಿದ್ದನ್ನೂ ಕೂಡಿಸ್ಯಾರ, ಅಷ್ಟ."

ತೊಂಬತ್ತರ ದಶಕದ ಕೊನೆಗೆ, ಸಿಂಹರಾಶಿಯ ಉಲ್ಕೆಗಳು ನವೆಂಬರಿನಲ್ಲಿ ಮಳೆಗರೆಯಬಹುದೆಂಬ ಸುದ್ದಿ ಬಂತು. ದೀಪಗಳಿಲ್ಲದ ಜಾಗ ಹುಡುಕಲು ಕಾಕಾ ಮತ್ತು ನಾನು ಅವರ ಸ್ಕೂಟರಿನಲ್ಲಿ ಸಾಸವಡದ ಕಡೆ ಹೋಗಿದ್ದೆವು. ಮಧ್ಯಾಹ್ನ ಘಾಟಿ ಇಳಿಯುವಾಗ ತಿರುವಿನಲ್ಲಿ ಇಟ್ಟಿಗೆ ಲಾರಿಯೊಂದು ಮೈಮೇಲೇ ಬಂತು. ಕಾಕಾ ಕಣಿವೆ ಬಿಟ್ಟು ಬಂಡೆಯ ಕಡೆ ಹ್ಯಾಂಡಲ್ ತಿರುಗಿಸಿದರು. ನಾನು ಮಣ್ಣಿಗೆ ಬಿದ್ದೆ. ಅವರು ಬಂಡೆಗೆ.

ಲಾರಿ ನಿಲ್ಲಲಿಲ್ಲ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೋಗುವ ಗಾಡಿಗಳಿಗೆಲ್ಲ ನಿಲ್ಲಿಸಿರೆಂದು ಕೈಯೊಡ್ಡಿ "ಥಾಂಬಾ! ಥಾಂಬಾ!" ಎಂದು ಕೂಗಿದೆ.

"ಬಿದ್ದು ಎಷ್ಟೊತ್ತಾತು?" ಕಾಕಾ ಕೇಳಿದರು.

"ಅರ್ಧ ತಾಸಾತ್ರಿ."

"ಗಡಿಯಾರ ನೋಡೋ."

ಐದು ನಿಮಿಷವೂ ಆಗಿರಲಿಲ್ಲ. ನಗಲು ಹೋದ ಅವರ ತುಟಿ ನೋವಿಗೆ ಸೊಟ್ಟಗಾಯಿತು. "ಮಂದಿಗೆ ಹೇಳೂಕಿಂತ ಮೊದಲ ಬರದಿಡು. ಹೇಳಕೋತ ಹೋದಂಗ ಬೆಳೀತದ."

ಆಮೇಲೆ ನಾನು ಗಡಿಯಾರ ನೋಡಲಿಲ್ಲ. ಅವರು ನರಳುತ್ತಿದ್ದರು. ಕೊನೆಗೊಂದು ಟೆಂಪೊ ನಿಂತಿತು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಬರೆಯಲು ಕೂತಾಗಲೆಲ್ಲ ಲಾರಿ ದೊಡ್ಡದಾಗುತ್ತದೆ, ಕಣಿವೆ ಆಳವಾಗುತ್ತದೆ. ಬಸ್ಸಿನಲ್ಲಿ ಕೂತಿದ್ದರೂ ತಿರುವು ಬಂದರೆ ಇಲ್ಲದ ಬ್ರೇಕನ್ನು ನನ್ನ ಕಾಲು ಒತ್ತುತ್ತದೆ. ಅವರು ಹ್ಯಾಂಡಲ್ ತಿರುಗಿಸಿದ್ದರಿಂದ ನಾನು ಬದುಕಿದ್ದೇನೆ. ಅದೊಂದರಲ್ಲಿ ಕಳೆಯುವಂಥದ್ದೇನೂ ಇಲ್ಲ.

ಆ ನವೆಂಬರಿನಲ್ಲಿ ಉಲ್ಕೆ ನೋಡಲು ನಾನು ಮನೆಯ ಗಚ್ಚಿಗೂ ಹತ್ತಲಿಲ್ಲ. ಒಂದು ಸಂಜೆ ಕಾಕು ಚಹಾ ಕೊಟ್ಟು ಎದುರಿಗೆ ಕೂತರು.

"ಭಾಳ ಹೊತ್ತು ನರಳಿದ್ರೇನೋ?"

ಆ ಮಧ್ಯಾಹ್ನವೆಲ್ಲ ತಲೆಯೊಳಗೆ ಮತ್ತೆ ಹಾಯತೊಡಗಿತು, ಮುಗಿಯಲೇ ಇಲ್ಲ. ಎಷ್ಟು ಕಳೆದು ಹೇಳಲಿ? ಕೈಯಲ್ಲಿದ್ದ ಚಹಾ ಆರಿಹೋಯಿತು.

"ಇಲ್ಲ ಕಾಕು. ಸ್ವಲ್ಪ ಹೊತ್ತು."

ಅವರು ನನ್ನ ಮುಖವನ್ನೇ ನೋಡಿದರು.

"ಇದನ್ನ ಹೇಳ್ಲಿಕ್ಕೆ ನಿನಗ ಇಷ್ಟ್ಯಾಕ ಹೊತ್ತು ಹಿಡೀತು?"